ಒಂದೇ ಥಾನಿನ ಎರಡು ಕೈ

ಮಾರ್ಚ್ ೧೩, ಬುಧವಾರ
ಮಧ್ಯಾಹ್ನ, ಅಂಗಡಿಯಲ್ಲಿ

ಪ್ರೀತಿಯ ಪಿಟೀಲು,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಮರುಟಪಾಲಿಗೇ ಉತ್ತರ ಬರೆಯುವ ದೊಡ್ಡಮ್ಮನಿಗೆ ಈ ಸಲ ಏನು ಬಂತು ರೋಗ ಎಂದು ಬೈದುಕೊಂಡಿರುತ್ತೀ. ಬೈದುಕೋ, ನನ್ನದೇ ತಪ್ಪು. ಮೂರು ಸಲ ಬರೆಯಲು ಕೂತೆ. ಒಂದು ಸಲ ಪೆನ್ನಿನ ನೆಪ, ಒಂದು ಸಲ ಗಿರಾಕಿಯ ನೆಪ, ಮೂರನೆಯ ಸಲ ನೆಪವೇ ಸಿಗದೆ ಸುಮ್ಮನೆ ಎದ್ದುಹೋದೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದ ಅಂಗಾಂಗಗಳು ಇನ್ನೂ ಹೇಳಿದ ಮಾತು ಕೇಳುತ್ತಿವೆ. ಹಾಸ್ಟೆಲಿನ ಊಟ ಬಾಯಿಗೆ ಹಿಡಿಸಿತೋ ಇಲ್ಲವೋ? ಇಲ್ಲ ಅಂತ ಗೊತ್ತು, ಆದರೂ ತಿನ್ನು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳಿಗೆ ಮೊದಲು ಬೇಕಾದದ್ದು ಗಂಟಲು, ಆಮೇಲೆ ತಾಳ್ಮೆ. ಗಂಟಲು ನಿನಗೆ ತೊಟ್ಟಿಲಿನಲ್ಲೇ ಇತ್ತು, ಅದಕ್ಕೇ ನಿಮ್ಮಪ್ಪ ನಿನ್ನನ್ನು ಪಿಟೀಲು ಎಂದು ಕರೆದದ್ದು.

ಮೊದಲು ಉತ್ತರ ಹೇಳಿಬಿಡುತ್ತೇನೆ. ಹದಿನೇಳನೆಯ ತಾರೀಖು ಭಾನುವಾರ ನೀನು ತಲೆಗೆ ಡೈ ಹಚ್ಚಿಕೊಳ್ಳಬೇಡ. ಈ ಪತ್ರ ಪೂರ್ತಿ ಓದಿ ಮುಗಿಸುವವರೆಗೆ ಆ ಪೊಟ್ಟಣವನ್ನೇ ಮುಟ್ಟಬೇಡ.

ನೀನು ಬರೆದದ್ದನ್ನು ಎಷ್ಟು ಸಲ ಓದಿದ್ದೇನೆಂದರೆ ಬಾಯಿಪಾಠವಾಗಿದೆ. "ದೊಡ್ಡಮ್ಮ, ಮುಂದಲೆಯಲ್ಲಿ ಬೆರಳಗಲ ಬೆಳ್ಳಗಾಗಿದೆ. ಹದಿನೆಂಟನೇ ತಾರೀಖು ಸೋಮವಾರ ಮೊದಲ ಸಲ ಕಿಟಕೀಲಿ ಕೂತರೆ ಬಸ್ಸಿನ ಟೈಮ್ ಕೇಳೋಕೆ ಬಂದೋರು ನನ್ನ ತಲೆ ನೋಡ್ತಾ ನಿಲ್ತಾರೆ. ಡೈ ತಂದಿಟ್ಟಿದೀನಿ. ಮೊದಲು ಕೈಗೆ ಹಚ್ಚಿ ಎರಡು ದಿನ ನೋಡಿ ಅಂತ ಅದರ ಮೇಲೆ ಬರೆದಿದೆ. ಅಮ್ಮ ಅದೊಂದನ್ನ ಮಾಡ್ಕೊಂಡಿದ್ರೆ ಇವತ್ತು ಇರ್ತಿದ್ಲು ಅಂತ ನೀನೇ ಹೇಳ್ತಿದ್ದೆಯಲ್ಲ. ಆದ್ರೆ ಎರಡು ದಿನ ನನ್ನ ಕೈಯನ್ನೇ ನೋಡ್ತಾ ಕೂರೋಕೆ ನನಗೆ ಧೈರ್ಯ ಇಲ್ಲ. ಇಪ್ಪತ್ತು ವರ್ಷ ಹಚ್ಕೊಂಡ್ರೂ ನಿನಗೆ ಏನೂ ಆಗಿಲ್ಲ. ನಿನ್ನ ಕೈ ಅಂದ್ರೆ ಅಮ್ಮನ ಕೈ ತಾನೆ, ನನಗೆ ಬಂದಿರೋದೂ ಅದೇ ಚರ್ಮ. ಸ್ವಲ್ಪ ಪುಡಿ ಕಳಿಸಿದೀನಿ. ನೀನು ಹಚ್ಚಿ ನೋಡು. ಏನಾದ್ರೂ ಆದ್ರೆ ಮಾತ್ರ ಬರಿ. ಪತ್ರ ಬರದಿದ್ರೆ ಎಲ್ಲ ಸರಿ ಅಂದ್ಕೊಂಡು ಹದಿನೇಳನೇ ತಾರೀಖು ಭಾನುವಾರ ಹಚ್ಕೋತೀನಿ."

ಪತ್ರ ಬರದಿದ್ದರೆ ಎಲ್ಲ ಸರಿಯಂತೆ! ಇಂಥ ಏರ್ಪಾಡು ಮಾಡುವವರು ನಮ್ಮ ಮನೆಯಲ್ಲಿ ಮಾತ್ರ ಹುಟ್ಟುತ್ತಾರೆ. ಲಕೋಟೆ ಬಿಚ್ಚಿದಾಗ ಆ ಪುಡಿಯ ಚಿಕ್ಕ ಪೊಟ್ಟಣ ನನ್ನ ಮೇಜಿನ ಮೇಲೆ ಬಿತ್ತು. ಬಿಚ್ಚಲಿಲ್ಲ, ಎಸೆಯಲೂ ಇಲ್ಲ. ಉದುರಿದ ಗುಂಡಿಗಳನ್ನು ಹಾಕಿಡುವ ಡಬ್ಬಿಯ ತಳಕ್ಕೆ ಸೇರಿಸಿ ಮುಚ್ಚಳ ಬಿಗಿದೆ.

ನಮ್ಮ ಕೆಲಸದ ಒಂದು ಪದ್ಧತಿ ನಿನಗೆ ಹೇಳಬೇಕು. ನೀನು ಈ ಡ್ರೈಕ್ಲೀನಿಂಗ್ ಅಂಗಡಿಯಲ್ಲೇ ಬೆಳೆದವಳು ನಿಜ, ಆದರೆ ಇಸ್ತ್ರಿ ಹಬೆಯ ಬಿಸುಪಿಗೆ ನಿದ್ದೆ ಹೊಡೆದದ್ದೇ ಹೆಚ್ಚು. ನಾನು ಮೂವತ್ತು ವರ್ಷದಿಂದ ಕೂರುತ್ತಿರುವುದು ಬಾಗಿಲ ಪಕ್ಕದ ಮೇಜಿನಲ್ಲಿ, ಕಲೆ ತೆಗೆಯುವ ಕೆಲಸಕ್ಕೆ. ಎಂಥ ಬಟ್ಟೆಯೇ ಬರಲಿ, ಕಲೆಯ ಮೇಲೆ ನೇರವಾಗಿ ಔಷಧಿ ಸುರಿಯುವಂತಿಲ್ಲ. ಮೊದಲು ಒಳಹೊಲಿಗೆ ಮಗುಚಿ, ಯಾರ ಕಣ್ಣಿಗೂ ಬೀಳದ ಕಡೆ ಒಂದು ಹನಿ ಬಿಟ್ಟು, ಬಿಳಿ ಅರಿವೆ ಒತ್ತಿ ನೋಡಬೇಕು. ಅರಿವೆಗೆ ಬಣ್ಣ ಹತ್ತಿದರೆ ಆ ಬಟ್ಟೆಯ ಆಸೆ ಬಿಡಬೇಕು. ಹೋಟೆಲಿನಿಂದ ನಲವತ್ತು ಪರದೆ ಬಂದರೆ ನಲವತ್ತನ್ನೂ ಮಗುಚುತ್ತ ಕೂರುವವರಾರು? ಎಲ್ಲವೂ ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆಯಾದರೆ ಒಂದನ್ನು ನೋಡಿ, ಉಳಿದವಕ್ಕೆ "ಒಂದೇ ಥಾನು" ಎಂದು ಚೀಟಿ ಚುಚ್ಚಿ ಒಳಗೆ ಕಳಿಸುತ್ತೇವೆ. ಒಳಗೆ, ಬಣ್ಣದ ಕೋಣೆಯಲ್ಲಿ, ನಿಮ್ಮಮ್ಮ ಇರುತ್ತಿದ್ದಳು. ಬಣ್ಣಗೆಟ್ಟ ಕೋಟುಗಳಿಗೆ ಮತ್ತೆ ಕಪ್ಪು ಹಿಡಿಸುವುದು ಅವಳ ಕೆಲಸ. ಕೈಗವಸು ಹಾಕಿದರೆ ಬಟ್ಟೆ ಏನು ಹೇಳುತ್ತದೋ ತಿಳಿಯುವುದಿಲ್ಲ ಎಂದು ಬರಿಗೈಯನ್ನೇ ಮೊಣಕೈವರೆಗೆ ಅದ್ದುತ್ತಿದ್ದಳು. ಮದುವೆಯ ದಿನವೂ ಅವಳ ಉಗುರಿನ ಸಂದಿ ಕಪ್ಪಗೇ ಇತ್ತು.

ಈಗ ನಮ್ಮ ತಲೆಯ ವಿಷಯ. ಮೂವತ್ತೆರಡನೆಯ ವಯಸ್ಸಿಗೆ ಇಬ್ಬರಿಗೂ ಒಂದೇ ವಾರದಲ್ಲಿ ಬಿಳಿಕೂದಲು ಕಾಣಿಸಿತು. ಹನ್ನೊಂದು ನಿಮಿಷದ ಅಂತರದಲ್ಲಿ ಹುಟ್ಟಿದವರು, ಇಂಥದ್ದಕ್ಕೆಲ್ಲ ನಾವು ಆಶ್ಚರ್ಯಪಡುತ್ತಿರಲಿಲ್ಲ. ಆರು ವಾರಕ್ಕೊಮ್ಮೆ ನಮ್ಮ ಮನೆಯ ಹಿತ್ತಲಲ್ಲಿ ಡೈ ಹಚ್ಚುವ ಕಾರ್ಯಕ್ರಮ. ಗುರುವಾರ ಮೊಣಕೈಯ ಒಳಮಡಿಕೆಗೆ ಅಂಗಿ ಗುಂಡಿಯಷ್ಟಗಲ ಹಚ್ಚುವುದು, ಶನಿವಾರ ಬೆಳಕಿಗೆ ಹಿಡಿದು ನೋಡುವುದು, ಭಾನುವಾರ ತಲೆಗೆ. ಅವಳು ಎಡಚಿ, ಆದ್ದರಿಂದ ಅವಳು ಹಚ್ಚಿಕೊಳ್ಳುತ್ತಿದ್ದದ್ದು ಬಲಗೈಗೆ. ನಾನು ಎಡಗೈಗೆ. ಶನಿವಾರ ಎದುರುಬದುರು ಕೂತು ಎರಡು ಕೈ ಜೋಡಿಸಿ ನೋಡಿದರೆ ಕನ್ನಡಿ ಇಟ್ಟಂತೆ ಕಾಣುತ್ತಿತ್ತು. ನೀನು ಚಿಕ್ಕವಳಿದ್ದಾಗ ಅದನ್ನೊಂದು ಆಟ ಅಂದುಕೊಂಡು ನಿನ್ನ ಕೈಯನ್ನೂ ನಡುವೆ ತೂರಿಸುತ್ತಿದ್ದೆ.

ಒಂದಷ್ಟು ವರ್ಷ ಹೀಗೇ ನಡೆಯಿತು. ಆಮೇಲೆ, ಯಾರ ಬಾಯಲ್ಲಿ ಮೊದಲು ಬಂತೋ, ನನ್ನ ಬಾಯಲ್ಲೇ ಇರಬೇಕು, "ಒಂದೇ ಥಾನು ಕಣೇ, ಇಬ್ಬರೂ ಯಾಕೆ ಹಚ್ಚಬೇಕು?" ಅಂದೆ. ನಕ್ಕಳು. ಅಲ್ಲಿಂದ ಸರದಿ ಶುರುವಾಯಿತು: ಒಂದು ಸಲ ಅವಳ ಕೈ, ಒಂದು ಸಲ ನನ್ನ ಕೈ. ಒಬ್ಬಳ ಕೈ ಶುಭ್ರವಾಗಿದ್ದರೆ ಇಬ್ಬರ ತಲೆಗೂ ಅಪ್ಪಣೆ. ಬಟ್ಟೆಯವರ ಬುದ್ಧಿ, ಮನುಷ್ಯರ ಚರ್ಮಕ್ಕೆ ಹಾಕಿದೆವು. ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಿಮ್ಮಮ್ಮ ಪರೀಕ್ಷೆ ಮಾಡಿಕೊಳ್ಳದೆ ಹಚ್ಚಿಕೊಂಡಳು ಎಂದು ಡಾಕ್ಟರಿಗೆ ಹೇಳಿದವಳು ನಾನು. ನಿಮ್ಮಪ್ಪನಿಗೆ ಹೇಳಿದವಳೂ ನಾನೇ. ಎರಡು ವರ್ಷದಿಂದ ನಿನಗೂ ಅದನ್ನೇ ಹೇಳುತ್ತ ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ, ಪಿಟೀಲು. ಪರೀಕ್ಷೆ ಆಗಿತ್ತು. ಆ ಸಲ ಸರದಿ ನನ್ನದು. ಆಗಿದ್ದು ನನ್ನ ಕೈಯ ಮೇಲೆ, ನನ್ನ ಕೈ ಶುಭ್ರವಾಗಿತ್ತು.

ಒಂದೇ ಥಾನಿನ ಪರದೆಯಾದರೂ ಒಂದನ್ನು ಬಿಸಿಲು ಕಿಟಕಿಗೂ ಒಂದನ್ನು ಒಳಕೋಣೆಗೂ ಹಾಕಿದರೆ ಹತ್ತು ವರ್ಷದ ಮೇಲೆ ಅವು ಒಂದೇ ಬಟ್ಟೆಯಾಗಿ ಉಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಹಳೆಯ ಪರದೆ ಬಂದರೆ ಒಂದೊಂದನ್ನೂ ನೋಡು ಎಂದು ಹೊಸಬರಿಗೆ ಕಲಿಸುತ್ತಿದ್ದವಳೇ ನಾನು. ಅವಳ ಕೈ ವರ್ಷಗಟ್ಟಲೆ ಕಪ್ಪು ನೀರಿನಲ್ಲಿತ್ತು, ನನ್ನ ಕೈ ಬಿಳಿ ಅರಿವೆಯ ಮೇಲಿತ್ತು. ಡಾಕ್ಟರು ಮೊದಲು ಕೇಳಿದ್ದೇ "ಇವರು ಏನು ಕೆಲಸ ಮಾಡ್ತಾರೆ?" ಎಂದು. ಕೇಳಿಸಿಕೊಂಡು ತಲೆಯಾಡಿಸಿದರು. "ಚರ್ಮಕ್ಕೂ ನೆನಪಿರುತ್ತಮ್ಮ. ಎಷ್ಟೋ ವರ್ಷ ಸುಮ್ಮನಿರುತ್ತೆ, ಒಂದಿನ ಇನ್ನು ಸಾಕು ಅನ್ನುತ್ತೆ."

ಆ ದಿನದ್ದನ್ನು ನೀನು ನನ್ನಿಂದ ಕೇಳೇ ಇಲ್ಲ. ಯಾವಾಗಲೂ ಮೊದಲು ಅವಳ ತಲೆ, ಆಮೇಲೆ ನನ್ನದು. ಅವಳಿಗೆ ಹಚ್ಚಿ ಮುಗಿಸಿ ನನ್ನದಕ್ಕೆ ಬಟ್ಟಲು ಎತ್ತಿಕೊಳ್ಳುವಷ್ಟರಲ್ಲಿ "ಉರೀತಿದೆ" ಅಂದಳು. ತೊಳೆದೆವು. ಸಂಜೆಯೊಳಗೆ ಮುಖ ಊದಿ ಕಣ್ಣು ಮುಚ್ಚಿಕೊಂಡವು. ಆಸ್ಪತ್ರೆ ಸೇರಿಸಿದಾಗ ಕಿವಿ ಯಾವುದು ಕೆನ್ನೆ ಯಾವುದು ತಿಳಿಯುತ್ತಿರಲಿಲ್ಲ, ಗಂಟಲಿನಿಂದ ಸೀಟಿಯಂಥ ಸದ್ದು ಬರುತ್ತಿತ್ತು. ನರ್ಸ್ ನನ್ನನ್ನು ಕೇಳಿದಳು, "ನೀವು ಏನಾಗಬೇಕು ಇವರಿಗೆ?" ಅವಳಿಜವಳಿ ಅಂದೆ. ಆ ಹುಡುಗಿ ಒಮ್ಮೆ ಹಾಸಿಗೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಐವತ್ತೆರಡು ವರ್ಷದಲ್ಲಿ ಮೊದಲ ಸಲ ನಮ್ಮನ್ನು ಯಾರೋ ನಂಬಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಆ ಸೀಟಿಯ ಸದ್ದು ನಿಂತಿತು. ನೀನು ಬಂದಾಗ ಮುಖ ನೋಡಬೇಡ ಎಂದು ಬಾಗಿಲಲ್ಲೇ ತಡೆದೆ. ನಿನಗೆ ಬೇಕಾದರೆ ನನ್ನ ಮುಖ ನೋಡಿಕೊಳ್ಳಬಹುದು ಅಂದುಕೊಂಡೆ, ಎಂಥ ಹುಚ್ಚಿ ನಾನು. ನಿಮ್ಮಪ್ಪ ಈಗಲೂ ನನ್ನ ಜೊತೆ ಗೋಡೆ ನೋಡಿಕೊಂಡೇ ಮಾತಾಡುತ್ತಾರೆ.

ಅವತ್ತಿನಿಂದ ನಾನು ಡೈ ಮುಟ್ಟಿಲ್ಲ. ತಲೆ ಈಗ ಅರಿವೆಯಷ್ಟು ಬಿಳಿ. ಗಿರಾಕಿಗಳು ಮೊದಲು ಬೆಚ್ಚಿಬಿದ್ದರು, ಆಮೇಲೆ ಅಭ್ಯಾಸ ಮಾಡಿಕೊಂಡರು.

ಬೆಲ್ ಆಯಿತು, ಇಸ್ತ್ರಿಯವರು ಬಂದರು. ಉಳಿದದ್ದು ನಾಳೆ ಬೆಳಿಗ್ಗೆ ಬರೆದು ಟಪಾಲಿಗೆ ಹಾಕುತ್ತೇನೆ. ತುರ್ತು ಅಂಚೆಯಲ್ಲಿ ಹಾಕಿದರೆ ಶನಿವಾರ ನಿನ್ನ ಕೈಲಿರುತ್ತದೆ.

ಗುರುವಾರ, ಬೆಳಿಗ್ಗೆ ಎಂಟೂವರೆ

ನಿನ್ನೆ ಬರೆದದ್ದನ್ನು ಓದಿದೆ. ತಡವಾಗಿದ್ದಕ್ಕೆ ಕಾರಣ ಹೇಳದೆ ಬುದ್ಧಿವಂತಿಕೆಯಿಂದ ಜಾರಿಕೊಂಡಿದ್ದೇನೆ. ಹೇಳುತ್ತೇನೆ, ಆದರೆ ನಗಬೇಡ. ದೆವ್ವಗಿವ್ವ ಎಂದರೆ ನಾನು ಪೊರಕೆ ಹಿಡಿದು ಅಟ್ಟುವವಳು ಅಂತ ನಿನಗೆ ಗೊತ್ತು. ನಡೆದದ್ದು ನಡೆದಂತೆ ಬರೆಯುತ್ತೇನೆ, ಅರ್ಥ ನೀನೇ ಮಾಡಿಕೋ.

ಹೋದ ತಿಂಗಳು ಬ್ಯಾಂಡ್ ಮಾಸ್ತರು ಬಂದಿದ್ದರು. ನೆನಪಿದೆಯಲ್ಲ, ಅವರ ಮೇಳದ ಹನ್ನೆರಡು ಕಪ್ಪು ಕೋಟು ವರ್ಷಕ್ಕೊಮ್ಮೆ ನಿಮ್ಮಮ್ಮನ ಕೈಗೆ ಬರುತ್ತಿತ್ತು. ಈಗ ವಯಸ್ಸಾಗಿದೆ, ಮೇಳ ಇಲ್ಲ, ಅವರದೇ ಒಂದು ಕೋಟು ಮಾತ್ರ ಇದೆ. "ಕೋಟು ಆಯ್ತಾಮ್ಮ?" ಅಂದರು. ಯಾವ ಕೋಟು ಅಂದೆ. "ಸೋಮವಾರ ಕೊಟ್ಟೆನಲ್ಲ, ನೀವಲ್ಲ, ಅವರು ತಗೊಂಡ್ರು. ಕಪ್ಪು ಕೂದಲಿನೋರು. ಒಳಗಡೆಯಿಂದ ಕೈ ಒರೆಸ್ಕೊಳ್ತಾ ಬಂದು, ಗುರುವಾರ ಬನ್ನಿ ಅಂದ್ರು."

"ಮಾಸ್ತರೇ, ಅವಳು ಹೋಗಿ ಎರಡು ವರ್ಷ ಆಯ್ತು. ನೀವೂ ಬಂದಿದ್ರಿ ಅವತ್ತು."

ಅವರು ಸ್ವಲ್ಪ ಹೊತ್ತು ನನ್ನ ತಲೆಯನ್ನೇ ನೋಡಿದರು. "ಹೌದಲ್ವಾ, ಬಂದಿದ್ದೆ" ಅಂದರು. "ಹಾಗಾದ್ರೆ ಕೋಟು ಮನೇಲೇ ಇರಬೇಕು" ಎಂದು ಹೊರಟರು. ಪಾಪ, ಮರೆವು. ಅವರು ಸತ್ತ ಡೋಲಿನವನಿಗೂ ದಿನಾ ಟೀ ಹೇಳುತ್ತಾರಂತೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಹೋಗಿ ಬಣ್ಣದ ಕೋಣೆಯ ಬೀಗ ತೆಗೆದೆ. ಅವಳು ಹೋದಮೇಲೆ ಅಂಗಡಿಯ ಯಜಮಾನರು ಆ ಕೆಲಸವನ್ನೇ ನಿಲ್ಲಿಸಿದ್ದಾರೆ, ಕೋಣೆ ಈಗ ಹ್ಯಾಂಗರುಗಳ ಗೋದಾಮು. ತೊಟ್ಟಿ ಎರಡು ವರ್ಷದಿಂದ ಒಣಗಿದೆ, ತಳದಲ್ಲಿ ಬಿರುಕಿದೆ. ಆದರೆ ಅಂಚಿನ ಸುತ್ತ ಇರುವ ಆ ಕಪ್ಪು ಗೆರೆ ಒದ್ದೆಯಾಗಿತ್ತು. ಅಭ್ಯಾಸಬಲ, ಸೊಂಟದಲ್ಲಿದ್ದ ಬಿಳಿ ಅರಿವೆ ತೆಗೆದು ಒತ್ತಿದೆ. ಬಣ್ಣ ಹತ್ತಿತು. ಯಜಮಾನರಿಗೆ ತೋರಿಸಿದೆ. "ನಲ್ಲಿ ಸೋರ್ತಿರಬೇಕು ಬಿಡಿ" ಅಂದರು. ಆ ಕೋಣೆಯ ನಲ್ಲಿಯನ್ನು ಅವರೇ ಕಿತ್ತು ಬೇರೆ ಕಡೆ ಹಾಕಿಸಿದ್ದಾರೆ.

ಆಮೇಲೆ ಈ ತಿಂಗಳ ಎರಡನೆಯ ತಾರೀಖು, ಶನಿವಾರ, ನಿನ್ನ ಪತ್ರ ಬಂತು. ಪೊಟ್ಟಣ ಗುಂಡಿ ಡಬ್ಬಿಗೆ ಹೋಯಿತು ಎಂದೆನಲ್ಲ. ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಕೈ ತುರಿಸಿತು. ಮೊಣಕೈಯ ಒಳಮಡಿಕೆಯಲ್ಲಿ ಅಂಗಿ ಗುಂಡಿಯಷ್ಟಗಲ ಕೆಂಪಗೆ ಎದ್ದಿತ್ತು. ಅಂಚು ಅಷ್ಟು ದುಂಡಗೆ, ಯಾರೋ ಬೆರಳಿನಿಂದ ಹಚ್ಚಿದ ಹಾಗೆ. ಸರಿಯಾಗಿ ಎರಡನೆಯ ದಿನ, ಪಿಟೀಲು. ನಾನು ಆ ಪುಡಿಯನ್ನು ಮುಟ್ಟಿಲ್ಲ, ಮುಟ್ಟಿಲ್ಲ, ಮುಟ್ಟಿಲ್ಲ. ಓಡಿಹೋಗಿ ಡಬ್ಬಿ ತೆಗೆದು ನೋಡಿದೆ. ಪೊಟ್ಟಣ ಗುಂಡಿಗಳ ಕೆಳಗೆ ಇಟ್ಟಂತೇ ಇತ್ತು, ಬಾಯಿ ಬಿಗಿಯಾಗೇ ಇತ್ತು.

ಇಪ್ಪತ್ತು ವರ್ಷದಲ್ಲಿ ನನ್ನ ಕೈಗೆ ಒಂದು ಸಲವೂ ಏನೂ ಆದದ್ದಿಲ್ಲ. ಈಗ ಆಗಿರುವುದೂ ನಾನು ಯಾವಾಗಲೂ ಹಚ್ಚಿಕೊಳ್ಳುತ್ತಿದ್ದ ಎಡಗೈಗಲ್ಲ, ಬಲಗೈಗೆ. ಇದು ಹೋದಮೇಲೆ ನಿನಗೆ ಬರೆಯೋಣ ಎಂದು ಕಾದೆ. ಮುಲಾಮು ಹಚ್ಚಿದೆ. ತಣ್ಣೀರು ಒತ್ತಿದೆ. ಹತ್ತು ದಿನವಾಯಿತು, ಹೋಗುವ ಲಕ್ಷಣವಿಲ್ಲ. ಈಗ ಬರೆಯುತ್ತಿರುವುದೂ ಅದೇ ಕೈಯಿಂದ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಹತ್ತು ಗಂಟೆ

ಪತ್ರ ಶನಿವಾರ ತಲುಪದಿದ್ದರೆ ಎಂಬ ಯೋಚನೆ ಬಂತು. ಅಂಗಡಿಯ ಫೋನಿನಿಂದ ನಿನ್ನ ಹಾಸ್ಟೆಲಿಗೆ ಮಾಡಿದೆ. ನೀನು ಹೊರಗೆ ಹೋಗಿದ್ದೀ ಅಂದರು, ವಾರ್ಡನ್ ಸಿಕ್ಕರು. ಹಜಾರದಲ್ಲಿ ಆರು ಜನ ಸಾಲಲ್ಲಿ ನಿಂತು ಕೇಳಿಸಿಕೊಳ್ಳುವ ಫೋನು ಅದು, ಹೆಚ್ಚು ಹೇಳುವುದು ಬೇಡ, "ಭಾನುವಾರ ಬೇಡ, ಪತ್ರ ಬರುತ್ತೆ" ಎಂದಷ್ಟೇ ಹೇಳೋಣವೆಂದಿದ್ದೆ. ನಾನು ನಿನ್ನ ದೊಡ್ಡಮ್ಮ ಎಂದು ಹೇಳುವಷ್ಟರಲ್ಲಿ ಅವರು ನಕ್ಕರು.

"ಗೊತ್ತಾಯ್ತಮ್ಮ. ಈಗ ತಾನೆ ಮಾಡಿದ್ರಲ್ಲ? ಅರ್ಧ ಗಂಟೆ ಕೂಡ ಆಗಿಲ್ಲ. ಬರ್ಕೊಂಡಿದೀನಿ, ಬಂದ ಕೂಡ್ಲೆ ಕೊಡ್ತೀನಿ."

ನಾನು ಮಾಡಿಲ್ಲ ಅಂದೆ.

"ಇದೇ ದನಿ. ಸ್ವಲ್ಪ ಗಂಟಲು ಕಟ್ಟಿತ್ತು, ಶೀತ ಆಗಿದೆಯಾ ಅಂತಾನೂ ಕೇಳಿದೆ."

"ಏನು ಹೇಳಿದ್ರು?"

ಚೀಟಿ ಹುಡುಕುವ ಸದ್ದು ಕೇಳಿಸಿತು. ಆಮೇಲೆ ಓದಿದರು: "ಅವಳ ಕೈ ಅವಳೇ ನೋಡ್ಕೊಳ್ಳಲಿ. ದೊಡ್ಡಮ್ಮನ ಕೈ ನೋಡೋದು ಬೇಡ."

"ಸರಿ, ಅದನ್ನೇ ಕೊಡಿ" ಎಂದು ಫೋನ್ ಇಟ್ಟೆ. ಇಸ್ತ್ರಿಯವರು "ಯಾಕಮ್ಮಾ, ಬಿಳಚ್ಕೊಂಡಿದೀರಿ" ಅಂದರು. ಆ ಗಂಟಲು ಕಟ್ಟಿದ ದನಿಯನ್ನು ನಾನು ಎರಡು ದಿನ ಆಸ್ಪತ್ರೆಯಲ್ಲಿ ಕೇಳಿದ್ದೇನೆ. ನೀನೂ ನಾನೂ ಬಿಟ್ಟರೆ ಈ ಪುಡಿಯ ವಿಷಯ ಗೊತ್ತಿರುವವರು ಯಾರೂ ಇಲ್ಲ. ನೀನು ಯಾರಿಗಾದರೂ ಹೇಳಿದ್ದೀಯಾ? ಹೇಳಿದ್ದರೆ ದಯವಿಟ್ಟು ಬೇಗ ಬರಿ, ನನ್ನ ಜೀವ ಸ್ವಲ್ಪ ತಣ್ಣಗಾಗುತ್ತದೆ.

ಯಾರೇ ಹೇಳಿರಲಿ, ಮಾತು ಮಾತ್ರ ಸರಿಯಾದದ್ದು. ಈಗ ನಾನು ಹೇಳುವುದನ್ನು ಕೇಳು. ಸೋಮವಾರ ಈಗಿರುವ ತಲೆಯಲ್ಲೇ ಕೆಲಸಕ್ಕೆ ಹೋಗು. ಬೆರಳಗಲ ಬಿಳಿಗೆ ಬಸ್ಸೇನೂ ನಿಲ್ಲುವುದಿಲ್ಲ. ಅದನ್ನು ನೋಡಿ ಯಾರಾದರೂ ಹಲ್ಲು ಕಿರಿದರೆ ತಪ್ಪು ಸಮಯ ಹೇಳಿಬಿಡು. ನಿನ್ನ ಅಮ್ಮನಿಗೆ ಹೀಗಾದದ್ದನ್ನು ಯಾವುದಾದರೂ ಚರ್ಮದ ಡಾಕ್ಟರಿಗೆ ಹೇಳಿ, ಅವರು ಏನನ್ನುತ್ತಾರೋ ಕೇಳು. ಅಷ್ಟಾದ ಮೇಲೂ ಹಚ್ಚಲೇಬೇಕೆಂದಿದ್ದರೆ ನಿನ್ನದೇ ಕೈಗೆ ಹಚ್ಚಿ, ಎರಡು ದಿನ ಪೂರ್ತಿ ಕಾದು, ಹಗಲು ಬೆಳಕಿನಲ್ಲಿ ನೀನೇ ನೋಡು. ಪ್ರತಿ ಸಲವೂ ನೋಡು, ಹೋದ ಸಲ ಏನೂ ಆಗಲಿಲ್ಲವಲ್ಲ ಎನ್ನಬೇಡ. ಸಾಸಿವೆಯಷ್ಟು ಕೆಂಪು ಕಂಡರೂ, ಸ್ವಲ್ಪ ತುರಿಸಿದರೂ, ಆ ಪೊಟ್ಟಣವನ್ನು ಕಸಕ್ಕೆ ಹಾಕು. ಆಗ ಯಾರನ್ನೂ ಕೇಳಬೇಡ, ನನ್ನನ್ನಂತೂ ಕೇಳಲೇಬೇಡ.

ನಿನ್ನ ತಲೆ ಕಪ್ಪಾಗಲಿ ಬಿಳಿಯಾಗಲಿ ಅದು ನಿನ್ನ ಹೆಗಲ ಮೇಲೆ ಬಹಳ ಕಾಲ ನೆಟ್ಟಗಿರಲಿ. ಕಿಟಕಿಯ ಆಚೆ ನಿಂತವರೆಲ್ಲ ಸರಿಯಾದ ಬಸ್ಸು ಹತ್ತಲಿ. ಹೊಟ್ಟೆ ತುಂಬ ತಿನ್ನು, ಕಣ್ಣು ತುಂಬ ನಿದ್ದೆ ಮಾಡು. ಇಷ್ಟೇ ನನ್ನ ಆಶೀರ್ವಾದ.

ಇಂತಿ ನಿನ್ನ
ದೊಡ್ಡಮ್ಮ

ತಾ.ಕ.: ಲಕೋಟೆ ಅಂಟಿಸಿ ಅಂಚೆ ಕಚೇರಿಯ ಮೆಟ್ಟಿಲವರೆಗೆ ಹೋಗಿದ್ದೆ. ಅಲ್ಲಿಂದ ವಾಪಸು ಬಂದು ಬಿಚ್ಚಿದ್ದೇನೆ. ನಿನ್ನೆ "ಪೂರ್ತಿ ನಿಜವಲ್ಲ" ಎಂದು ಬರೆದು ಅರ್ಧ ನಿಜ ಹೇಳಿ ಸುಮ್ಮನಾಗಿದ್ದೆ. ಇನ್ನರ್ಧವನ್ನು ನನ್ನ ಜೊತೆಗೇ ಒಯ್ಯಬೇಕೆಂದಿದ್ದೆ. ಆದರೆ ಅವಳು ಫೋನ್ ಮಾಡಿ ಆಗಿದೆ.

ಆ ಸಲ ನಿಮ್ಮಮ್ಮ ತಾನೂ ಕೈಗೆ ಹಚ್ಚಿಕೊಂಡಿದ್ದಳು. ಅದರ ಹಿಂದಿನ ಸಲ ತಲೆ ಒಂಚೂರು ತುರಿಸಿತ್ತಂತೆ, ನನಗೆ ಹೇಳದೆ, ಸರದಿ ಮುರಿದು, ತನ್ನ ಬಲಗೈಗೆ ಹಚ್ಚಿ ನೋಡಿದ್ದಳು. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ನಾನು ಬಟ್ಟಲಿನಲ್ಲಿ ಡೈ ಕಲಸುತ್ತಿದ್ದೆ. ಅಂಗಿಯ ತೋಳು ಮಡಚುತ್ತ ಬಂದು ನಿಂತಳು. ನಾವು ಒಬ್ಬರನ್ನೊಬ್ಬರು "ಏಯ್" ಎಂದು ಕರೆಯುವವರು, ಅವಳು ನನ್ನನ್ನು ಅಕ್ಕ ಎಂದದ್ದು ಬೆರಳೆಣಿಕೆಯಷ್ಟು ಸಲ. ಅವತ್ತು "ಅಕ್ಕಾ, ನನ್ನ ಕೈ ನೋಡೇ ಸ್ವಲ್ಪ" ಅಂದಳು. ಮೊಣಕೈಯ ಒಳಮಡಿಕೆಯಲ್ಲಿ ಗುಂಡಿಯಷ್ಟಗಲ ಕೆಂಪಗೆ ಎದ್ದಿತ್ತು. ನಾನು ನೋಡಿದೆ, ಪಿಟೀಲು. ಕಂಡಿತು ನನಗೆ. ಮೂವತ್ತು ವರ್ಷ ಕಲೆ ನೋಡಿದ ಕಣ್ಣು, ಅದೇನೆಂದು ತಿಳಿಯದೆ ಇರುತ್ತದೆಯೇ? ಆದರೆ ಅವಳು ಬಿಟ್ಟರೆ ನಾನೂ ಬಿಡಬೇಕು, ಇಲ್ಲವಾದರೆ ಒಬ್ಬಳದು ಬಿಳಿ ಒಬ್ಬಳದು ಕಪ್ಪು, ನಾವು ಬೇರೆ ಬೇರೆ ಕಾಣುತ್ತೇವೆ. ಅದೊಂದು ನನಗೆ ಬೇಡವಾಗಿತ್ತು. ನನ್ನ ಎಡತೋಳು ಮೇಲೇರಿಸಿ ಅವಳ ಮುಂದೆ ಹಿಡಿದೆ. "ನಂದು ನೋಡು, ಏನಾದ್ರೂ ಇದೆಯಾ? ಒಂದೇ ಥಾನು ಕಣೇ. ನಿಂಗೆ ಸೊಳ್ಳೆ ಕಚ್ಚಿದೆ, ಕೂತ್ಕೋ."

ಅವಳು ನನ್ನ ಕೈಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ತನ್ನ ತೋಳನ್ನು ಕೆಳಗೆಳೆದುಕೊಂಡು, ಸ್ಟೂಲಿನ ಮೇಲೆ ಕೂತು, ನನ್ನ ಮುಂದೆ ತಲೆ ಬಗ್ಗಿಸಿದಳು.